ಯಾರದೋ ಅಜ್ಜಿಯ ನಗು

ಹಲ್ಲಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಅದನ್ನು ಬ್ಯಾಂಕಿನವರು ಬಿಟ್ಟರೆ ಬೇರೆ ಯಾರೂ ಬಳಸುತ್ತಿರಲಿಲ್ಲ. ಹಲ್ಲು ಕಟ್ಟುವುದು ಅವಳ ಕಸುಬು. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕೂತು ಅದಕ್ಕೆ ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ವಸಡು ತಿದ್ದಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಸೆಟ್ಟು ಮಾಡಿಕೊಡುತ್ತಿದ್ದಳು. ಉಗುರಿನ ಸಂದಿಯಲ್ಲಿ ಗುಲಾಬಿ ಬಣ್ಣದ ಪುಡಿ ಯಾವಾಗಲೂ ಮೆತ್ತಿಕೊಂಡಿರುತ್ತಿತ್ತು. ಆ ಬೀದಿಯಲ್ಲಿ ವಯಸ್ಸಾದವರು ಯಾರಾದರೂ ಬಾಯ್ತುಂಬ ನಕ್ಕರೆ, ಅದರಲ್ಲಿ ಅರ್ಧ ಪಾಲು ಹಲ್ಲಕ್ಕನದು ಎಂದು ಜನ ತಮಾಷೆ ಮಾಡುತ್ತಿದ್ದರು.

ಅವಳ ಕೋಪವೂ ಅಷ್ಟೇ ಹೆಸರುವಾಸಿ. ಬಾಡಿಗೆ ಕೇಳಲು ಬರುವ ಕಟ್ಟಡದ ಮಾಲೀಕ ಮೊದಲು ಮೆಟ್ಟಿಲ ಕೆಳಗೆ ನಿಂತು, ಮೇಲಿನಿಂದ ಬರುವ ದನಿ ಯಾವ ಮಟ್ಟದಲ್ಲಿದೆ ಎಂದು ಕಿವಿಗೊಟ್ಟು ಕೇಳಿ ಆಮೇಲೆ ಹತ್ತುತ್ತಿದ್ದ.

ಅವಳಿಗೊಬ್ಬ ತಮ್ಮ. ಬ್ಯಾನರು, ಬೋರ್ಡು, ವಿಸಿಟಿಂಗ್ ಕಾರ್ಡು ಮಾಡುವ ಕೆಲಸ. ನಲವತ್ತು ದಾಟಿದ್ದರೂ ಅಕ್ಕನೆದುರು ನಾಲ್ಕನೇ ಕ್ಲಾಸಿನ ಹುಡುಗನ ಹಾಗೆ ನಿಲ್ಲುತ್ತಿದ್ದ. ಅಕ್ಕನಿಗೂ ಒಂದು ಫೇಸ್‌ಬುಕ್ ಪುಟ, ಒಂದು ವೆಬ್‌ಸೈಟ್ ಇರಲಿ ಎಂದು ಎರಡು ವರ್ಷದ ಹಿಂದೆ ಅವನೇ ಪುಕ್ಕಟೆ ಮಾಡಿಕೊಟ್ಟಿದ್ದ. ತೆರೆದ ಕೂಡಲೇ ಮೇಲೆ ದೊಡ್ಡದಾಗಿ ಒಬ್ಬ ಅಜ್ಜಿಯ ಮುಖ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ತಲೆ ಹಿಂದಕ್ಕೆ ಎಸೆದು ನಗುವ ಅಜ್ಜಿ. ಅದರ ಕೆಳಗೆ ‘ನಿಮ್ಮ ನಗು ನಮ್ಮ ಕೈಯಲ್ಲಿ’ ಎಂಬ ಸಾಲು. ಹಲ್ಲಕ್ಕ ಒಮ್ಮೆ ನೋಡಿ, "ಚೆನ್ನಾಗಿದೆ ಬಿಡು" ಅಂದಿದ್ದಳು. ಯಾರ ಅಜ್ಜಿ ಎಂದು ಕೇಳಿರಲಿಲ್ಲ.

ಕೇಳಿದ್ದು ಒಂದು ಕಂಪನಿ, ಇಮೇಲ್ ಮೂಲಕ. ಆ ಫೋಟೋದ ಹಕ್ಕು ತಮ್ಮ ಗ್ರಾಹಕರದು, ಅನುಮತಿ ಇಲ್ಲದೆ ಬಳಸಿದ್ದೀರಿ, ಎರಡು ವಾರದೊಳಗೆ ಪರಿಹಾರ ಕೊಡಿ, ಇಲ್ಲದಿದ್ದರೆ ಕಾನೂನು ಕ್ರಮ. ಕೇಳಿದ ಮೊತ್ತ ಅವಳ ಕಾರ್ಯಾಗಾರದ ನಾಲ್ಕು ತಿಂಗಳ ಬಾಡಿಗೆಯಷ್ಟಿತ್ತು.

ಯಾರೋ ಮೋಸಗಾರರು ಕಳಿಸಿದ್ದಿರಬೇಕು ಎಂದುಕೊಂಡಳು. ಆದರೆ ಅದರಲ್ಲಿ ತನ್ನದೇ ವೆಬ್‌ಸೈಟಿನ ಚಿತ್ರ, ತನ್ನದೇ ಫೋನ್ ನಂಬರ್, ಪಕ್ಕದಲ್ಲಿ ಆ ಅಜ್ಜಿ. ತಮ್ಮನಿಗೆ ಫೋನು ಹೋಯಿತು.

"ಈ ಅಜ್ಜಿ ಯಾರೋ?"

"ಗೊತ್ತಿಲ್ಲ ಅಕ್ಕ. ‘ನಗುವ ಅಜ್ಜಿ’ ಅಂತ ಹುಡುಕಿದೆ, ಸಿಕ್ತು. ಇಂಟರ್‌ನೆಟ್‌ನಲ್ಲಿ ಎಲ್ಲರೂ ಹಂಗೇ ಮಾಡೋದು."

"ರಸ್ತೇಲಿ ಸಿಕ್ಕಿದ ಚಪ್ಪಲಿ ಮೆಟ್ಕೊಂಡು ಬರ್ತೀಯೇನೋ ನೀನು?"

ತಮ್ಮ ಆ ಕ್ಷಣವೇ ಫೋಟೋ ತೆಗೆದುಹಾಕಿದ. ತೆಗೆದ ಮೇಲೆ ಇನ್ನೇನು, ಮುಗಿಯಿತು ಎಂದು ಇಬ್ಬರೂ ಸುಮ್ಮನಾದರು.

ಮುಗಿಯಲಿಲ್ಲ. ಎರಡನೇ ಇಮೇಲ್ ಬಂತು. ತೆಗೆದುಹಾಕಿದ್ದರಿಂದ ಈವರೆಗಿನ ಬಳಕೆಗೆ ಮಾಫಿ ಇಲ್ಲ ಎಂದಿತ್ತು. ಮೂರನೇ ದಿನ ಒಬ್ಬ ಫೋನ್ ಮಾಡಿದ. ಎಣ್ಣೆ ಸವರಿದಂಥ ದನಿ.

"ಮೇಡಂ, ನಾವು ನಿಮಗೆ ಸಹಾಯ ಮಾಡೋಕೇ ಫೋನ್ ಮಾಡಿದ್ದು."

"ಫೋಟೋ ತೆಗೆದೋರು ನೀವಾ?"

"ಅಲ್ಲ ಮೇಡಂ, ಅವರ ಪರವಾಗಿ..."

"ಅವರ ಹೆಸರೇನು?"

"ಅದನ್ನ ಹೇಳೋಕೆ ಆಗಲ್ಲ ಮೇಡಂ."

"ಹೆಸರಿಲ್ಲದವರಿಗೆ ನಾನ್ಯಾಕೆ ದುಡ್ಡು ಕೊಡ್ಲಿ? ನಾಳೆ ನಾನೂ ನಿಮಗೆ ಫೋನ್ ಮಾಡ್ತೀನಿ, ನಿಮ್ಮ ಬಾಯಲ್ಲಿರೋ ಹಲ್ಲು ನಮ್ಮೋರದು ಅಂತೀನಿ. ಕೊಡ್ತೀರಾ?"

ಆ ಕಡೆಯವನು ಬೇಸರಿಸಿಕೊಳ್ಳಲೂ ಇಲ್ಲ. "ಇವತ್ತಿನ ಮಾತುಕತೆ ದಾಖಲಾಗ್ತಿದೆ ಮೇಡಂ" ಎಂದ ಅಷ್ಟೇ. ಆ ನಯವೇ ಅವಳ ಮೈ ಉರಿಸಿತು. ಬೈದವನಿಗೆ ತಿರುಗಿ ಬೈದರೆ ಹೊಟ್ಟೆ ತಣ್ಣಗಾಗುತ್ತದೆ. ನಯವಾಗಿ ಕುತ್ತಿಗೆ ಹಿಸುಕುವವನಿಗೆ ಏನು ಮಾಡುವುದು? ಅಂದು ಅವಳು ಕೂರಿಸಿದ ಮುಂಬದಿಯ ಹಲ್ಲುಗಳೆಲ್ಲ ಸೊಟ್ಟಗೆ ಬಂದವು. ಮೇಣವನ್ನೆಲ್ಲ ಕರಗಿಸಿ ಮತ್ತೆ ಮೊದಲಿನಿಂದ ಮಾಡಬೇಕಾಯಿತು.

ಬಸ್ ಡಿಪೋದಲ್ಲಿ ಕೆಲಸಕ್ಕಿದ್ದ ಗಂಡನಿಗೆ ಜಗಳವೆಂದರೆ ಆಗದು. "ಕೊಟ್ಟು ಕೈತೊಳ್ಕೊಳ್ಳೋಣ ಕಣೇ. ನಿನಗೆ ಬಿ.ಪಿ. ಬೇರೆ ಇದೆ" ಎಂದ.

"ಬಿ.ಪಿ. ಇರೋದಕ್ಕೆ ಅವರಿಗೆ ದುಡ್ಡು ಕೊಡ್ಬೇಕಾ?" ಎಂದು ಅವನ ಬಾಯಿ ಮುಚ್ಚಿಸಿ, ಮರುದಿನ ತನಗೆ ಪರಿಚಯವಿದ್ದ ವಕೀಲಮ್ಮನ ಬಳಿಗೆ ಹೋದಳು. ವಕೀಲಮ್ಮ ಕೋರ್ಟಿಗೆ ಹೋಗುವುದನ್ನು ನಿಲ್ಲಿಸಿದ್ದರೂ ಮನೆಯ ಮುಂದಿನ ಕೋಣೆಯಲ್ಲಿ ಕೂತು ಸಲಹೆ ಕೊಡುತ್ತಿದ್ದರು. ಇಮೇಲುಗಳನ್ನು ಎರಡೆರಡು ಸಲ ಓದಿದರು.

"ನೋಡಿ ಹಲ್ಲಕ್ಕ, ಸುಮ್ಮನಿರೋದೂ ಬೇಡ, ಬೈಯೋದೂ ಬೇಡ. ಫೋಟೋ ತೆಗೆದೋರು ಯಾರು, ಅವರ ಪರವಾಗಿ ಕೇಳೋಕೆ ಇವರಿಗೆ ಅಧಿಕಾರ ಕೊಟ್ಟಿರೋ ಪತ್ರ ಎಲ್ಲಿ, ಈ ಮೊತ್ತ ಯಾವ ಲೆಕ್ಕದಲ್ಲಿ ಬಂತು. ಇಷ್ಟನ್ನ ಬರೆದು ಕೇಳಿ. ಉತ್ತರ ಬರೋವರೆಗೂ ಒಂದು ಕಾಸೂ ಕೊಡ್ಬೇಡಿ. ಕೊಡೋ ಪ್ರಸಂಗ ಬಂದ್ರೂ ಎಲ್ಲ ಇತ್ಯರ್ಥ ಆಯ್ತು ಅಂತ ಅವರ ಸಹಿ ಬರೋವರೆಗೂ ಕೊಡ್ಬೇಡಿ. ಹಾಂ, ನಾವು ತಪ್ಪೇ ಮಾಡಿಲ್ಲ ಅಂತ ಮಾತ್ರ ಬರೀಬೇಡಿ."

"ಯಾಕೆ?"

"ಮಾಡಿದೀರಲ್ಲ."

ಹಲ್ಲಕ್ಕ ಕುರ್ಚಿಯಿಂದ ಎದ್ದೇಬಿಟ್ಟಳು. "ನೀವೂ ಅವರ ಕಡೆಯೇ?"

"ನಾನು ನಿಮ್ಮ ಕಡೆ. ಅದಕ್ಕೇ ಹೇಳ್ತಿದೀನಿ. ಬೇರೆಯವರ ಫೋಟೋ ಕೇಳದೆ ಹಾಕಿದ್ದು ನಿಜ. ಅವರು ಬಾಯಿಗೆ ಬಂದಷ್ಟು ಕೇಳ್ತಿರೋದೂ ನಿಜ. ಎರಡನ್ನೂ ಒಟ್ಟಿಗೆ ಕಲಸಬೇಡಿ."

ಸಿಟ್ಟಿನಲ್ಲೇ ವಾಪಸು ಬಂದಳು. ತಮ್ಮನನ್ನು ಕರೆಸಿ ಉತ್ತರ ಬರೆಸಿದಳು. "ಲೂಟಿಕೋರರೇ" ಎಂದು ಅವಳು ಶುರುಮಾಡಿದರೆ ಅವನು ‘ಮಾನ್ಯರೇ’ ಎಂದು ಟೈಪು ಮಾಡಿದ. "ನಿಮಗೆ ನಾಚಿಕೆ ಮಾನ ಮರ್ಯಾದೆ" ಎಂದರೆ, ‘ದಯವಿಟ್ಟು ಕೆಳಗಿನ ವಿವರಗಳನ್ನು ಒದಗಿಸಬೇಕು’ ಎಂದ. ಕೊನೆಗೆ ಓದಿ ಹೇಳಿದಾಗ, "ಇದರಲ್ಲಿ ನಂದು ಅಂತ ಒಂದು ಮಾತಾದ್ರೂ ಇದೆಯೇನೋ?" ಎಂದು ಕೇಳಿದಳು. ಆದರೂ ಕಳಿಸಲು ಒಪ್ಪಿದಳು.

ಬಂದ ಉತ್ತರದಲ್ಲಿ ಫೋಟೋ ತೆಗೆದವರ ಹೆಸರಿರಲಿಲ್ಲ, ಪತ್ರವಿರಲಿಲ್ಲ, ಲೆಕ್ಕವೂ ಇರಲಿಲ್ಲ. ಈ ವಾರವೇ ಕಟ್ಟಿದರೆ ಅರ್ಧಕ್ಕೆ ಮುಗಿಸುವುದಾಗಿ ಬರೆದಿದ್ದರು. "ಅರ್ಧಕ್ಕೆ ಇಳಿಯೋರು ಮೊದಲು ಯಾವ ಬಾಯಲ್ಲಿ ಅಷ್ಟು ಕೇಳಿದ್ರು? ಇದೇನು ಸೀರೆ ಅಂಗಡೀನಾ?" ಎಂದು ಕೂಗಾಡಿ, ಮತ್ತೆ ಅದೇ ಪ್ರಶ್ನೆಗಳನ್ನು ಕಳಿಸಿದಳು.

ಇದಾದ ಮೇಲೆ ಕಂಪನಿ ತಣ್ಣಗಾಯಿತು. ಫೋನೂ ಇಲ್ಲ, ಇಮೇಲೂ ಇಲ್ಲ. ಹೆದರಿ ಓಡಿದರು ಎಂದು ಹಲ್ಲಕ್ಕ ಹೆಮ್ಮೆಪಟ್ಟಳು. ಆ ದಿನಗಳಲ್ಲೇ ತಮ್ಮ ಬಸ್ಸಿನಲ್ಲಿ ಬಂದುಹೋಗತೊಡಗಿದ. ಬೈಕ್ ಎಲ್ಲಿ ಎಂದರೆ ಗ್ಯಾರೇಜಿನಲ್ಲಿದೆ ಎನ್ನುತ್ತಿದ್ದ.

ತಿಂಗಳು ಕಳೆದು ಮತ್ತೊಂದು ಇಮೇಲ್ ಬಂತು. ವೆಬ್‌ಸೈಟಿನ ಬಾಬ್ತು ಅರ್ಧ ಮೊತ್ತ ಪಾವತಿಸಿದ್ದಕ್ಕೆ ಧನ್ಯವಾದ; ಆದರೆ ಅದೇ ಫೋಟೋ ನಿಮ್ಮ ಫೇಸ್‌ಬುಕ್ ಪುಟದಲ್ಲೂ ಇದೆ, ಅದಕ್ಕೆ ಬೇರೆಯಾಗಿ ಕೊಡಬೇಕು.

ಹಲ್ಲಕ್ಕನಿಗೆ ಅದನ್ನು ಓದಿ ಅರ್ಥಮಾಡಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಪಾವತಿ? ಯಾರು ಮಾಡಿದ್ದು? ತಮ್ಮ ಬಂದಾಗ ಅವನ ಮುಖ ನೋಡಿದಳು. ಉತ್ತರ ಅಲ್ಲೇ ಇತ್ತು.

"ಬೈಕ್ ಮಾರಿದೆಯಾ?"

"ನನ್ನಿಂದ ಆಗಿದ್ದು ಅಕ್ಕ. ನಿನ್ನ ಹೆಸರಿಗೆ ಕೋರ್ಟು ಗೀರ್ಟು ಅಂತ ಬಂದ್ರೆ..."

"ಇತ್ಯರ್ಥ ಆಯ್ತು ಅಂತ ಸಹಿ ತಗೊಂಡ್ಯಾ?"

"ಇಲ್ಲ. ಲಿಂಕ್ ಕಳಿಸಿದ್ರು, ಕಟ್ಟಿದೆ."

ಅವಳ ಕೈಯಲ್ಲಿದ್ದ ಪ್ಲಾಸ್ಟರಿನ ಅಚ್ಚು ಗೋಡೆಗೆ ಬಡಿದು ಚೂರಾಯಿತು. ಅದು ಯಾರ ದವಡೆಯೋ, ಅವರು ಮತ್ತೊಮ್ಮೆ ಹೋಗಿ ವೈದ್ಯರ ಮುಂದೆ ಬಾಯಿ ತೆರೆಯಬೇಕಾಯಿತು. ತಮ್ಮನನ್ನು ಬೈದಳು, ಗೋಪ್ಯವಾಗಿ ಮಾಡಿದ್ದಕ್ಕೆ, ದಡ್ಡತನಕ್ಕೆ, ಹೆದರಿದ್ದಕ್ಕೆ. ಬೈಯುತ್ತಾ ಬೈಯುತ್ತಾ ದನಿ ಒಡೆಯಿತು. ನಲವತ್ತು ದಾಟಿದ ತಮ್ಮ ಬಸ್ ಸ್ಟಾಪಿನಲ್ಲಿ ಬ್ಯಾನರಿನ ಸುರುಳಿ ಹೊತ್ತು ನಿಂತದ್ದನ್ನು ಅವಳೇ ನೋಡಿದ್ದಳು. ತನ್ನ ಹಟವನ್ನು ತಾನು ಮೆಚ್ಚಿಕೊಳ್ಳುತ್ತಿದ್ದಾಗ, ಅದರ ದಂಡವನ್ನು ಇವನು ತೆತ್ತಿದ್ದ.

"ಫೋಟೋ ತೆಗೆದೋರನ್ನ ಹುಡುಕು" ಎಂದಳು. "ಅಜ್ಜಿಯನ್ನ ಹುಡುಕೋಕೆ ಬರತ್ತಲ್ಲ ನಿನಗೆ, ಇದನ್ನೂ ಹುಡುಕು."

ಅವನು ಹುಡುಕಿದ. ಹಳೆಯದೊಂದು ಬ್ಲಾಗಿನಲ್ಲಿ ಅದೇ ಫೋಟೋ ಇತ್ತು, ಕೆಳಗೆ ಒಬ್ಬ ಹೆಂಗಸಿನ ಹೆಸರು, ಒಂದು ಸ್ಟುಡಿಯೋದ ನಂಬರು. ಹಲ್ಲಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಷ್ಟು ದಿನ ‘ಮಾನ್ಯರೇ’ ಆಗಿಹೋಗಿದ್ದ ಮಾತುಗಳನ್ನೆಲ್ಲ ನಾಲಿಗೆಯ ಮೇಲಿಟ್ಟುಕೊಂಡು ಫೋನ್ ಮಾಡಿದಳು.

"ಆ ನಗೋ ಅಜ್ಜಿ ಫೋಟೋ ತೆಗೆದಿದ್ದು ನೀವೇನಾ?"

"ಹೌದು. ನಮ್ಮಮ್ಮ ಅದು. ನಿಮಗೆಲ್ಲಿ ಸಿಕ್ತು?"

"ನನ್ನ ವೆಬ್‌ಸೈಟಲ್ಲಿ ಹಾಕಿದ್ವಿ. ಹಲ್ಲು ಕಟ್ಟೋ ಕೆಲಸ ನಂದು."

ಆ ಕಡೆಯಿಂದ ಬಂದದ್ದು ಹಲ್ಲಕ್ಕನದಕ್ಕಿಂತ ಒಂದು ಗುಲಗಂಜಿಯೂ ಕಡಿಮೆಯಿಲ್ಲದ ಸಿಟ್ಟು.

"ಕಟ್ಟಿದ ಹಲ್ಲಿಗೆ ನಮ್ಮಮ್ಮನ ಮುಖ ಹಾಕಿದ್ರಾ? ಸಾಯೋ ತನಕ ಒಂದು ಹಲ್ಲು ಅಲ್ಲಾಡಿರಲಿಲ್ಲ ಅವರದು! ಎಂಬತ್ತೆರಡಕ್ಕೂ ಬಾದಾಮಿ ಕಡಿದು ಒಡೀತಿದ್ರು, ಅದೇ ಅವರ ಜಂಬ. ಒಬ್ಬರು ಮಲಬದ್ಧತೆ ಪುಡಿ ಡಬ್ಬಿ ಮೇಲೆ ಹಾಕ್ತಾರೆ, ಇನ್ನೊಬ್ಬರು ಸಾಲ ಕೊಡೋ ಆ್ಯಪ್‌ಗೆ ಹಾಕ್ತಾರೆ. ಯಾರಾದ್ರೂ ಒಬ್ಬರು ನನ್ನ ಕೇಳಿದ್ರಾ? ನೀವು ಕೇಳಿದ್ರಾ?"

"ಇಲ್ಲ" ಎಂದಳು ಹಲ್ಲಕ್ಕ.

"ಮತ್ತೆ ಈಗ ಯಾಕೆ ಫೋನು?"

ನಾಲಿಗೆಯ ಮೇಲಿದ್ದದ್ದೆಲ್ಲ ಎಲ್ಲಿ ಹೋಯಿತೋ. ಎದುರಿಗಿದ್ದ ತಮ್ಮ ನೋಡುತ್ತಲೇ ಇದ್ದ. ಹಲ್ಲಕ್ಕ ತಗ್ಗಿದ ದನಿಯಲ್ಲಿ, "ತಪ್ಪಾಯ್ತು. ಕೇಳ್ಬೇಕಿತ್ತು, ಕೇಳ್ಲಿಲ್ಲ. ನಿಮ್ಮಮ್ಮ ಅಂತ ಗೊತ್ತಿರಲಿಲ್ಲ" ಎಂದಳು. ಆ ಬಾಯಿಂದ ಆ ಮಾತನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

ನಂತರ ಕಂಪನಿಯ ಕತೆಯನ್ನು ಹೇಳಿದಳು. ಫೋಟೋದವಳು ನಡುವೆ ಬಾಯಿ ಹಾಕದೆ ಕೇಳಿದಳು.

"ಅವರಿಗೆ ಆ ಕೆಲಸ ಕೊಟ್ಟಿದ್ದು ನಾನೇ. ಕದ್ದೋರನ್ನ ಹಿಡಿದುಕೊಡ್ತೀವಿ ಅಂದ್ರು. ಎಷ್ಟು ಅಂದ್ರಿ ನಿಮ್ಮ ತಮ್ಮ ಕಟ್ಟಿದ್ದು?"

ಹಲ್ಲಕ್ಕ ಮತ್ತೆ ಹೇಳಿದಳು.

"ಈ ವರ್ಷ ಎಲ್ಲ ಸೇರಿ ಅವರು ನನಗೆ ಕಳಿಸಿದ ದುಡ್ಡಲ್ಲಿ ಒಂದು ಕೊಡೆ ಬರತ್ತೆ ಅಷ್ಟೇ" ಎಂದು ಆಕೆ ಕಹಿಯಾಗಿ ನಕ್ಕಳು. ಈಗ ಇಬ್ಬರ ಸಿಟ್ಟೂ ಒಂದೇ ಕಡೆಗೆ ತಿರುಗಿತ್ತು. ಹಾಗಂತ ಆಕೆ ಹಲ್ಲಕ್ಕನನ್ನು ಕ್ಷಮಿಸಿದ್ದಾಗಿ ಹೇಳಲಿಲ್ಲ. ಹಲ್ಲಕ್ಕನೂ ಕೇಳಲಿಲ್ಲ.

ಫೋಟೋದವಳು ಕಂಪನಿಗೆ ತನ್ನ ಪಾಲಿನ ಲೆಕ್ಕ ಕೇಳಿ ಬರೆದಳು. ಫೇಸ್‌ಬುಕ್ ವಿಷಯಕ್ಕೆ ತನಗೆ ಏನೂ ಬೇಡ ಎಂದೂ ಬರೆದಳು. ಇತ್ತ ವಕೀಲಮ್ಮ, ಫೋಟೋ ತೆಗೆದವರ ಹೆಸರೂ, ಏನೂ ಬೇಡವೆಂಬ ಅವರ ಮಾತೂ ನಮಗೆ ಗೊತ್ತು ಎಂದು ಒಂದು ನೋಟಿಸು ಕೊಟ್ಟರು. ವಾರದಲ್ಲಿ ಒಂದು ಸಾಲಿನ ಉತ್ತರ ಬಂತು: ಎರಡನೇ ಪ್ರಕರಣವನ್ನು ಮುಕ್ತಾಯಗೊಳಿಸಲಾಗಿದೆ. ತಮ್ಮ ಕಟ್ಟಿದ ಹಣ ಮಾತ್ರ ಸ್ವಇಚ್ಛೆಯಿಂದ ಪಾವತಿಸಿದ್ದು, ಅದನ್ನು ಹಿಂದಿರುಗಿಸಲು ಬರುವುದಿಲ್ಲ.

"ಸ್ವಇಚ್ಛೆಯಂತೆ! ಕತ್ತಿ ತೋರಿಸಿ ಕಿತ್ಕೊಂಡು ಸ್ವಇಚ್ಛೆಯಂತೆ!" ಹಲ್ಲಕ್ಕ ಎದ್ದು ನಿಂತಳು.

"ಕೋರ್ಟಿಗೆ ಹೋದ್ರೆ ಬೈಕಿನ ಬೆಲೆಗಿಂತ ಹೆಚ್ಚು ಖರ್ಚಾಗತ್ತೆ" ಎಂದರು ವಕೀಲಮ್ಮ. "ಅವರಿಗೂ ಅದು ಚೆನ್ನಾಗಿ ಗೊತ್ತು."

ಅದೇ ಮಧ್ಯಾಹ್ನ ಹಲ್ಲಕ್ಕ ತಮ್ಮನನ್ನು ಹಿಂದಿಟ್ಟುಕೊಂಡು ಬೀದಿಯ ಅಂಗಡಿಗಳಿಗೆಲ್ಲ ನುಗ್ಗಿದಳು. ಕ್ಷೌರದ ಅಂಗಡಿಯ ಪುಟದಲ್ಲಿ ಯಾರದೋ ಗಡ್ಡ, ಕನ್ನಡಕದ ಅಂಗಡಿಯ ಪುಟದಲ್ಲಿ ಯಾರದೋ ಕಣ್ಣು, ಬೇಕರಿಯ ಪುಟದಲ್ಲಿ ಅವರೆಂದೂ ಮಾಡದ ಕೇಕು. ಮುಕ್ಕಾಲುಪಾಲು ತಮ್ಮನದೇ ಕೈಚಳಕ. ಅವನು ತಲೆ ತಗ್ಗಿಸಿಕೊಂಡು ಒಂದೊಂದನ್ನೇ ತೆಗೆಯುತ್ತಾ ಹೋದ.

"ನನಗೇನೂ ಪತ್ರ ಬಂದಿಲ್ಲವಲ್ಲ ಹಲ್ಲಕ್ಕ" ಎಂದ ಕನ್ನಡಕದವನು.

"ಬಂದಿಲ್ಲ ಅಂದ್ರೆ ಆ ಕಣ್ಣು ನಿಮ್ಮದಾಗೋಯ್ತಾ?"

ಈಗ ಅವಳ ವೆಬ್‌ಸೈಟಿನಲ್ಲಿ ಫೋಟೋ ಇಲ್ಲ. ಹೆಸರು, ವಿಳಾಸ, ಫೋನ್ ನಂಬರು, ಅಷ್ಟೆ. ತಮ್ಮನಿಗೆ ಒಂದು ಹಳೆಯ ಸ್ಕೂಟರು ಕೊಡಿಸಿದಳು; ಕೊಡಿಸುವಾಗಲೂ ಬೈದಳು, ಅವನು ಬೇಡ ಎಂದಾಗ ಇನ್ನೂ ಹೆಚ್ಚು ಬೈದಳು. ಕಂಪನಿಗೆ ತಿಂಗಳಿಗೊಂದು ಇಮೇಲ್ ಕಳಿಸುವುದನ್ನು ಮಾತ್ರ ಅವಳು ನಿಲ್ಲಿಸಿಲ್ಲ. ನಮ್ಮ ಹಣ ಹಿಂದಿರುಗಿಸಿ ಎಂಬ ಎರಡೇ ಸಾಲು, ಈಗ ಅವಳೇ ಟೈಪು ಮಾಡುತ್ತಾಳೆ. ಉತ್ತರ ಬರುವುದಿಲ್ಲ. ಗಂಡ, "ಇನ್ನೂ ಎಷ್ಟು ದಿನ?" ಎಂದು ಕೇಳಿದರೆ ಅವನ ಕಡೆ ನೋಡುವುದೂ ಇಲ್ಲ. ಈ ತಿಂಗಳದ್ದನ್ನೂ ಕಳಿಸಿ ಆಗಿದೆ.