ಎಸ್ತೇರ್ ತಂದ ಲೋಟ

ಕಾಮೋಠೆಯಲ್ಲಿ ಬಾಡಿಗೆ ಮನೆ ಹುಡುಕುವಾಗ ನಮ್ಮ ಹೆಸರು ಕೇಳುವ ಮೊದಲೇ ದಲ್ಲಾಳಿ ಕೇಳಿದ, "ಮಚ್ಛೀ ಖಾತೇ ಹೋ?" ಮೀನು ತಿನ್ನುತ್ತೀರಾ ಅಂತ. ಉಡುಪಿ ಕಡೆಯಿಂದ ಬಂದವಳಿಗೆ ಇದೆಂಥ ಪ್ರಶ್ನೆ ಮಾರಾಯ್ರೇ. ಹೆಸರು ಹೇಳಿದ ಮೇಲಂತೂ, ಕ್ರಿಶ್ಚನ್ನರಿಗೆ ಮಾಲೀಕರು ಕೊಡುವುದಿಲ್ಲ ಎಂದು ಗೇಟಿನಿಂದಲೇ ಕಳಿಸಿದ. ವಾಪಸಾಗುವಾಗ ಲೋಕಲ್ ರೈಲಿನಲ್ಲಿ ಕೂತು ಅತ್ತಿದ್ದೆ.

ಊರಲ್ಲಿ ನೆರೆಯವರಿಗೆ ನಮ್ಮ ಅಜ್ಜನ ಕಾಲದಿಂದ ಗುರುತು. ಇಲ್ಲಿ ಕೊನೆಗೆ ಮನೆ ಸಿಕ್ಕಿದ ಮೇಲೂ ಎದುರುಬಾಗಿಲಿನ ಶಿಂದೆ ಕಾಕೂ ಬಾಯಿಬಿಡಲು ವರ್ಷ ಹಿಡಿಯಿತು. ನನ್ನ ಬಂಗುಡೆ ಮೀನಿನ ಗಸಿಯ ರುಚಿ ನೋಡಿದ ದಿನ, "ತೂ ಆಪ್ಲೀಚ್ ಆಹೇಸ್" ಅಂದರು. ಆಪ್ಲೀ ಎಂದರೆ ನಮ್ಮವಳು. ಆ ಒಂದು ಮಾತಿಗೆ ಎಷ್ಟು ಹಿಗ್ಗಿದೆನೋ.

ತಿಂಗಳಿಗೊಮ್ಮೆ ನಮ್ಮ ಮನೆಯಲ್ಲಿ ಕನ್ನಡ ಪ್ರಾರ್ಥನಾ ಕೂಟ. ಕಳೆದ ಸಲ ನಾವು ಹಾಡುತ್ತಿರುವಾಗ ಮೇಲಿನ ಮಹಡಿಯ ಎಸ್ತೇರ್ ಬಾಗಿಲಲ್ಲಿ ಬಂದು ನಿಂತಳು. ನೈಜೀರಿಯಾದವಳು, ಗಂಡ ಬಟ್ಟೆ ವ್ಯಾಪಾರಿ. ಅವಳಿದ್ದ ಲಿಫ್ಟಿಗೆ ನಮ್ಮ ಬಿಲ್ಡಿಂಗಿನವರು ಹತ್ತುವುದಿಲ್ಲ. ಒಳಗೆ ಕರೆದೆ. ಹಾಡಿನ ರಾಗ ಅವಳಿಗೂ ಗೊತ್ತಿತ್ತು, ತನ್ನ ಭಾಷೆಯಲ್ಲಿ ದನಿಗೂಡಿಸಿದಳು. ಅವತ್ತಿನ ಬೈಬಲ್ ಪಾಠ ಪರದೇಶಿಯನ್ನು ಮನೆಗೆ ಸೇರಿಸಿಕೊಳ್ಳುವುದರ ಬಗ್ಗೆ. ಓದಿದವಳು ನಾನೇ.

ಆಮೇಲೆ ಚಹಾ ತಂದೆ. ಎಲ್ಲರಿಗೂ ಸ್ಟೀಲ್ ಲೋಟ, ಎಸ್ತೇರಳಿಗೆ ಕಾಗದದ ಲೋಟ. ಯೋಚಿಸಿ ಮಾಡಿದ್ದಲ್ಲ, ಕೈ ತಾನಾಗಿ ಹೋಗಿತ್ತು. ಅವಳು ತನ್ನ ಲೋಟ ನೋಡಿದಳು, ಉಳಿದವರ ಕೈ ನೋಡಿದಳು, ಕುಡಿದಳು.

ಎಲ್ಲರೂ ಹೋದ ಮೇಲೆ, ನನ್ನ ಜೊತೆಗಿರುವ ಅಮ್ಮ ಕೇಳಿದರು, "ಅವಳಿಗೆ ಮಾತ್ರ ಎಂತಕ್ಕೆ ಕಾಗದದ್ದು?"

"ಲೋಟ ಸಾಕಾಗ್ಲಿಲ್ಲಮ್ಮ."

"ಸುಳ್ಳು ಹೇಳ್ಬೇಡ. ಸ್ಟ್ಯಾಂಡಲ್ಲಿ ಇನ್ನೂ ಉಂಟು. ನನ್ನಮ್ಮ ಧಣಿಗಳ ಅಂಗಳಕ್ಕೆ ಹೋಗುವಾಗ ಗೆರಟೆ ಹಿಡ್ಕೊಂಡು ಹೋಗ್ತಿದ್ರು. ಮರೆತ್ಯಾ?"

ಗೆರಟೆ ಎಂದರೆ ತೆಂಗಿನ ಚಿಪ್ಪು. ಕೀಳು ಜಾತಿಯೆಂದು ಅಜ್ಜಿಗೆ ಆ ಮನೆಯ ಪಾತ್ರೆ ಕೊಡುತ್ತಿರಲಿಲ್ಲ. ಚರ್ಚಿಗೆ ಸೇರಿದ ಮೇಲೆ, ಕರ್ತನ ಭೋಜನದ ಆರಾಧನೆಯಲ್ಲಿ ಎಲ್ಲರೂ ದ್ರಾಕ್ಷಾರಸ ಕುಡಿದ ಪಾತ್ರೆ ತನ್ನ ತುಟಿಗೂ ಬಂದಾಗ ಅತ್ತುಬಿಟ್ಟಿದ್ದರಂತೆ. ಅವರ ಮೊಮ್ಮಗಳು ನಾನು. ಆ ರಾತ್ರಿ ಮೊಣಕಾಲೂರಿದರೂ ಪ್ರಾರ್ಥನೆ ಬಾಯಿಗೆ ಬರಲಿಲ್ಲ, ಅಷ್ಟು ನಾಚಿಕೆಯಾಗಿತ್ತು. ಮೇಲೆ ಹೋಗಿ ಕ್ಷಮೆ ಕೇಳಬೇಕೆಂದು ದಿನವೂ ಅಂದುಕೊಂಡೆ, ಹೋಗಲಿಲ್ಲ.

ಈ ತಿಂಗಳು ಎಸ್ತೇರ್ ಮತ್ತೆ ಬಂದಳು. ಚಹಾದ ಹೊತ್ತಿಗೆ ಚೀಲದಿಂದ ತನ್ನದೇ ಹಸಿರು ಲೋಟ ತೆಗೆದು ಚಾಚಿದಳು. "ಆಂಟಿ, ಇಸ್ ಮೇ ದೇ ದೋ. ಆಪ್ ಕೋ ತಕ್ಲೀಫ್ ನಹೀ." ಇದರಲ್ಲೇ ಕೊಡಿ ಅಂದಳು, ನನಗೆ ತೊಂದರೆ ಆಗಬಾರದಂತೆ. ವ್ಯಂಗ್ಯವಾಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ.

ಎಲ್ಲರೆದುರೇ ಅವಳ ಕೈ ಹಿಡಿದು ಕ್ಷಮೆ ಕೇಳಿದೆ. ನಮ್ಮ ಸ್ಟೀಲ್ ಲೋಟದಲ್ಲೇ ಚಹಾ ತಂದುಕೊಟ್ಟೆ. ಅವಳು ಲೋಟ ತೆಗೆದುಕೊಂಡು, ದೇವರು ಕ್ಷಮಿಸುತ್ತಾನೆ, ನನಗೆ ಸ್ವಲ್ಪ ಟೈಮ್ ಬೇಕು ಎಂದು ತನ್ನ ಮುರುಕು ಹಿಂದಿಯಲ್ಲಿ ಹೇಳಿದಳು. ಆಮೇಲೆ ಆ ಚಹಾವನ್ನು ತನ್ನ ಹಸಿರು ಲೋಟಕ್ಕೆ ಬಗ್ಗಿಸಿಕೊಂಡು ಕುಡಿದಳು.

ಊರಿನಿಂದ ತಂಗಿ ಫೋನ್ ಮಾಡಿದಾಗಲೆಲ್ಲ ಕೇಳುತ್ತಾಳೆ, "ಅಲ್ಲಿಯವರು ನಿನ್ನನ್ನು ತಮ್ಮವಳು ಅಂತ ಕಾಣ್ತಾರಾ ಅಕ್ಕ?" ಶಿಂದೆ ಕಾಕೂ ನೆನಪಾಗಿ ಹ್ಞೂಂ ಅನ್ನುತ್ತೇನೆ. ಆ ಧಣಿಗಳ ಅಂಗಳವನ್ನು ಊರಲ್ಲೇ ಬಿಟ್ಟು ಬಂದೆ ಅಂದುಕೊಂಡಿದ್ದೆ, ಅದು ನನ್ನ ಅಡುಗೆಮನೆಯಲ್ಲೇ ಇತ್ತು. ಇಲ್ಲಿ ನಾನು ಒಬ್ಬರಿಗೆ ಆಪ್ಲೀ. ಎಸ್ತೇರಳಿಗೆ ಇನ್ನೂ ಅಲ್ಲ.