ಎದುರುಮನೆಯ ಫ್ಲಡ್‌ಲೈಟೂ ಅಮ್ಮನ ಲುಬ್ಧಕನೂ

ಗೆಳೆಯರೇ, ನನಗೆ ಇನ್ನೂ ಸಿಟ್ಟು ಇಳಿದಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡು ತಿಂಗಳಾದ ಮೇಲೆ ಅಮ್ಮ ಇವತ್ತು ಸಂಜೆ ಲುಬ್ಧಕ ನಕ್ಷತ್ರ ನೋಡಲೆಂದು ನಮ್ಮ ಚಾಮರಾಜಪೇಟೆಯ ಮನೆಯ ತಾರಸಿ ಹತ್ತಿದಳು. ಎದುರುಮನೆಯ ಹೊಸ ಫ್ಲಡ್‌ಲೈಟು ನೇರವಾಗಿ ಅವಳ ಕಣ್ಣಿಗೇ ಹೊಡೆಯಿತು.

"ಐದು ನಿಮಿಷ ಆರಿಸ್ತೀರಾ ಸಾರ್? ಅಮ್ಮ ನಕ್ಷತ್ರ ನೋಡ್ಬೇಕಂತೆ," ಎಂದು ಕೂಗಿ ಕೇಳಿದೆ.

"ಕಳ್ಳರು ಬಂದ್ರೆ ನಿಮ್ಮ ನಕ್ಷತ್ರ ಹಿಡಿಯುತ್ತೇನ್ರೀ? ಟೀವೀಲಿ ತೋರಿಸಿ!" ಎಂದರು ಆ ಮನೆಯ ಮಾಲೀಕರು, ಬಾಲ್ಕನಿಯಿಂದಲೇ.

ನಾನು ಜಗಳಕ್ಕೇ ನಿಂತೆ. ಅಮ್ಮ ಕೆಳಗಿಳಿದು ಕೊಡೆ ತಂದಳು. ಅದನ್ನು ಬಿಚ್ಚಿ ಲೈಟಿಗೆ ಅಡ್ಡ ಹಿಡಿದು ತಲೆಯೆತ್ತಿದಳು. "ಅಗೋ, ಎಷ್ಟು ಚೆನ್ನಾಗಿ ಹೊಳೀತಿದೆ ನೋಡೇ!"

ಮಾಲೀಕರಿಗೆ ನಗು. "ಮಳೇನೇ ಇಲ್ಲ, ಕೊಡೆ ಯಾಕಮ್ಮಾ?"

"ನಿಮ್ಮ ಲೈಟು ಸುರೀತಿದೆಯಲ್ಲಪ್ಪಾ," ಎಂದಳು ಅಮ್ಮ.

ಅವರ ನಗು ಆರಿತು. ಲೈಟು ಮಾತ್ರ ಈಗಲೂ ಉರಿಯುತ್ತಿದೆ.