ದೀಡ ಆಕ್ಸಿಜನ್

ನಮ್ಮ ರಸಾಯನಶಾಸ್ತ್ರದ ಮಾಸ್ತರರು ತೀರಿಕೊಂಡ ಸುದ್ದಿ ಬಂದಾಗ ನನಗೆ ಎಳ್ಳಷ್ಟೂ ದುಃಖವಾಗಲಿಲ್ಲ. ಸತ್ತವರ ಬಗ್ಗೆ ಹಾಗೆ ಹೇಳಬಾರದೆಂದು ಮನೆಯವರು ಗದರಿದರು. ಗದರಲಿ. ಮೂಡಲಗಿಯಲ್ಲಿ, ಆಮೇಲೆ ಹುಕ್ಕೇರಿಯಲ್ಲಿ ನಾನೂ ಅದೇ ವಿಷಯ ಕಲಿಸಿದವಳು. ಸಮೀಕರಣದ ಪಾಠ ಬಂತೆಂದರೆ ಪ್ರತಿ ವರ್ಷವೂ ಮೈ ಉರಿಯುತ್ತಿತ್ತು.

ಐವತ್ತರ ದಶಕದ ಕೊನೆಯ ಮಾತು. ಗೋಕಾಕದ ನಮ್ಮ ವರ್ಗದಲ್ಲಿ ಹುಡುಗಿಯರು ಇಬ್ಬರೇ, ಒಂದೇ ಬೆಂಚು. ನಾನು ಪೇಟೆಯವಳು. ಗೆಳತಿ ಘೋಡಗೇರಿಯಿಂದ ಬಂದು ಕಾಕಾನ ಮನೆಯಲ್ಲಿದ್ದು ಓದುತ್ತಿದ್ದಳು. ನರ್ಸ್ ಆಗಬೇಕೆಂಬುದು ಅವಳ ಹಟ. ಮುಂದಿನ ವರ್ಷ ಸಾಯನ್ಸ್ ಸಿಕ್ಕರೆ ಓದು, ಇಲ್ಲದಿದ್ದರೆ ಮದುವೆ ಎಂದು ಕಾಕಾ ಖಡಾಖಂಡಿತವಾಗಿ ಹೇಳಿದ್ದ. ಸಾಯನ್ಸ್ ಯಾರಿಗೆ ಎಂಬುದನ್ನು ಮಾಸ್ತರರು ಹತ್ತು ಸಮೀಕರಣಗಳ ಒಂದೇ ಪರೀಕ್ಷೆಯಿಂದ ತೀರ್ಮಾನಿಸುತ್ತಿದ್ದರು. ಆರು ಸರಿಯಿರಬೇಕು.

ಸರಿದೂಗಿಸುವುದು ಹೇಗೆಂದು ಆ ಪುಣ್ಯಾತ್ಮ ಒಂದು ದಿನವೂ ಹೇಳಲಿಲ್ಲ. ಹಲಗೆಯ ಮೇಲೆ ಬರೆಯುವುದು, ಬಾಯಿಪಾಠ ಮಾಡಿ ಎನ್ನುವುದು, ಅಷ್ಟೇ. ನನಗೆ ಕಲಿಸಿದವಳು ಗೆಳತಿ. ಅವಳ ಹಳ್ಳಿಯ ಸಾಲೆಯಲ್ಲಿ ಕಾಲು, ಅರ್ಧ, ಒಂದೂವರೆಗಳ ಮಗ್ಗಿಯನ್ನೂ ಸಂಜೆ ಸಾಲಾಗಿ ನಿಲ್ಲಿಸಿ ಹೇಳಿಸುತ್ತಿದ್ದರು. ಒಂದೂವರೆಗೆ ದೀಡ ಅನ್ನುತ್ತಿದ್ದಳು.

"ಬಲಕ್ಕ ಅಲ್ಯುಮಿನಿಯಂ ಎರಡು, ಆಕ್ಸಿಜನ್ ಮೂರು ಅದಾವು. ಎಡಕ್ಕ ಆಕ್ಸಿಜನ್ ಜೋಡಿಲೆ ಇರತೈತಿ. ಮೂರು ಬೇಕಂದ್ರ ದೀಡ ಜೋಡಿ. ಮುಗೀತು" ಎಂದಳು, ಅಲ್ಯುಮಿನಿಯಂ ಆಕ್ಸಿಜನ್ ಕೂಡುವ ಸಮೀಕರಣ ತೋರಿಸಿ.

"ಮಾಸ್ತರ್ ಹಂಗ ಬರಿಸಿಲ್ಲಲ್ಲ?"

"ಎಲ್ಲಾನೂ ದುಪ್ಪಟ್ಟ ಮಾಡು, ಅವರದ ಬರತೈತಿ. ಎರಡೂ ಕಡೆ ಸಮ ಆದ ಮ್ಯಾಲ ಅದ್ಯಾಕ ಬೇಕು?"

ಪರೀಕ್ಷೆಯಲ್ಲಿ ಅದೇ ಸಮೀಕರಣ ಬಂತು. ನಾನು ದುಪ್ಪಟ್ಟು ಮಾಡಿ ನಾಲ್ಕು, ಮೂರು, ಎರಡು ಎಂದು ಬರೆದೆ. ಅವಳು ಎರಡು, ಒಂದೂವರೆ, ಒಂದು ಎಂದು ಬರೆದಳು.

ಪೇಪರು ತಪಾಸಣೆಯೂ ನಮ್ಮದೇ. ಬೆಂಚಿನವರು ಅದಲುಬದಲು ಮಾಡಿಕೊಳ್ಳಬೇಕು, ಮಾಸ್ತರರು ಉತ್ತರ ಓದಬೇಕು. ಅವಳ ಐದು ಸಮೀಕರಣಗಳು ಸರಿಯಾಗಿದ್ದವು, ನಾಲ್ಕರಲ್ಲಿ ಸೂತ್ರಗಳೇ ತಪ್ಪಿದ್ದವು. ಉಳಿದದ್ದು ಅಲ್ಯುಮಿನಿಯಂ ಒಂದೇ. ನಾನು ಎದ್ದು ನಿಂತು, "ದೀಡ ಅಂತ ಬರದ್ರ ನಡೀತೈತೇನ್ರಿ ಸರ್?" ಎಂದು ಕೇಳಿದೆ.

"ದೀಡ ಆಕ್ಸಿಜನ್ ಅಂದ್ರ ಸಂತ್ಯಾಗಿನ ಎಣ್ಣಿ ಏನವಾ? ಅರ್ಧ ಅಣು ಕುಡುಗೋಲಿಲೆ ಕೊಯ್ದು ತಂದಾಳೇನ? ತಪ್ಪು ಹಾಕು" ಎಂದರು. ವರ್ಗವೆಲ್ಲ ನಕ್ಕಿತು.

ಅರ್ಧ ಅಣು ಇರುವುದಿಲ್ಲ, ಒಪ್ಪೋಣ. ದುಪ್ಪಟ್ಟು ಮಾಡು ಎಂದು ಒಂದು ಮಾತು ಹೇಳಿದ್ದರೆ ಆ ಮನುಷ್ಯನ ಗಂಟೇನು ಹೋಗುತ್ತಿತ್ತು? ಅವಳ ಲೆಕ್ಕ ನೆಟ್ಟಗಿದೆ ಎಂದು ಅವರಿಗೂ ಗೊತ್ತಿತ್ತೋ, ಇಲ್ಲ ಅವರಿಗೇ ಬರುತ್ತಿರಲಿಲ್ಲವೋ. ಎರಡರಲ್ಲಿ ಯಾವುದಾದರೂ ನಾನು ಕ್ಷಮಿಸಲಾರೆ. ನಾನು ತಪ್ಪು ಹಾಕಿದೆ. ಪಕ್ಕದಲ್ಲಿ ಅವಳು ನನ್ನ ಪೇಪರಿನ ಅದೇ ಸಮೀಕರಣಕ್ಕೆ ಸರಿ ಹಾಕುತ್ತಿದ್ದಳು.

ಮೂರನೆಯ ದಿನ ಕಾಕಾ ಸಾಲೆಗೆ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, "ಹುಡುಗಿ ಸರಿ ಬರದೀನಿ ಅಂತಾಳ್ರಿ. ನಮಗೇನ ತಿಳಿತೈತಿ, ನೀವ ಹೇಳ್ರಿ" ಎಂದ.

"ತಪಾಸ ಮಾಡಿದಾಕಿ ಆಕಿ ಗೆಳತೀನ. ಆಕಿನ್ನ ಕೇಳ್ರಿ" ಎಂದು ಮಾಸ್ತರರು ನನ್ನತ್ತ ಕೈ ಮಾಡಿದರು. ಸಾಯನ್ಸ್ ಸಿಕ್ಕವರ ಯಾದಿ ಅವರ ಟೇಬಲ್ಲಿನ ಮೇಲೇ ಇತ್ತು. ಅದರಲ್ಲಿ ನನ್ನ ಹೆಸರಿತ್ತು.

"ಖರೆ ಹೇಳವಾ. ಆಕಿ ಬರದದ್ದು ತಪ್ಪಿತ್ತೇನ?" ಕಾಕಾ ಕೇಳಿದ.

"ಹೌದ್ರಿ ಕಾಕಾ, ತಪ್ಪಿತ್ತು" ಎಂದೆ.

ಅವನು ನನ್ನನ್ನು ನಂಬಿದ. ಹೊರಗೆ ನಡೆದ. ಗೆಳತಿ ಬೆಂಚಿನಿಂದ ತನ್ನ ಪುಸ್ತಕಗಳನ್ನು ಎತ್ತಿಕೊಳ್ಳುತ್ತ, ನನಗಷ್ಟೇ ಕೇಳುವಂತೆ, "ನಿನಗ ಕಲಿಸಿದಾಕಿ ನಾನ ಅಲ್ಲೇನ" ಎಂದಳು.